16ರ ಸ್ಲಾಟಿನಲ್ಲಿ 8ರ ಕಾರ್ಡ್: ಅಗ್ಗದ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಕಣ್ಣಿಗೆ ಬೀಳದ ಕಡಿತ

ಹೊಸ ಗ್ರಾಫಿಕ್ಸ್ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದಾಗ ಕಣ್ಣು ಮೊದಲು ಹೋಗುವುದು ಅದರ ಫ್ಯಾನುಗಳ ಮೇಲೆ. ಅದನ್ನು ತಿರುಗಿಸಿ, ಮದರ್‌ಬೋರ್ಡಿಗೆ ಸಿಕ್ಕಿಸುವ ಅಂಚಿನಲ್ಲಿರುವ ಬಂಗಾರದ ಬಣ್ಣದ ಹಲ್ಲುಗಳನ್ನು ಒಮ್ಮೆ ನೋಡಿ. ಪೂರ್ಣ ಪ್ರಮಾಣದ ಕಾರ್ಡಿಗೆ ಒಂದೊಂದು ಬದಿಗೆ 82ರಂತೆ ಒಟ್ಟು 164 ಹಲ್ಲುಗಳು. ಈಚೆಗೆ ಬಂದ ಹಲವು ಮಧ್ಯಮ ಬೆಲೆಯ ಕಾರ್ಡುಗಳಲ್ಲಿ ಅಂಚು ಅಷ್ಟೇ ಉದ್ದವಿರುತ್ತದೆ, ಸ್ಲಾಟಿನಲ್ಲಿ ಭದ್ರವಾಗಿ ಕೂರುತ್ತದೆ, ಆದರೆ ದತ್ತಾಂಶ ಓಡಾಡುವುದು ಅದರ ಅರ್ಧದಲ್ಲಿ ಮಾತ್ರ. ಉಳಿದರ್ಧ ಕಾರ್ಡನ್ನು ಹಿಡಿದು ನಿಲ್ಲಿಸುವುದಕ್ಕಷ್ಟೇ ಬಳಕೆಯಾಗುತ್ತದೆ.

2025ರ ಏಪ್ರಿಲ್‌ನಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಹೀಗೆ 8 ಲೇನಿನ ಕಾರ್ಡು. ಲೇನ್ ಅಂದರೆ ದತ್ತಾಂಶ ಸಾಗುವ ಒಂದು ಸಾಲು, ಪೂರ್ಣ ಪ್ರಮಾಣದ ಕಾರ್ಡಿಗೆ ಅಂಥವು 16. ಅದರ ಹಿಂದಿನ 4060, 4060 ಟಿಐ ಕೂಡ 8 ಲೇನಿನವೇ. ಎಎಂಡಿಯ ಆರ್‌ಎಕ್ಸ್ 7600, ಇಂಟೆಲ್‌ನ ಆರ್ಕ್ ಬಿ580 ಕೂಡ ಇದೇ ಸಾಲಿಗೆ ಸೇರುತ್ತವೆ. 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಂತೂ ಬರೀ 4 ಲೇನ್. "ಅದರಿಂದೇನೂ ಆಗುವುದಿಲ್ಲ, ಆಟಗಳಿಗೆ ಅಷ್ಟು ವೇಗ ಬೇಕಾಗಿಯೇ ಇಲ್ಲ" ಎಂಬ ಸಮಾಧಾನ ಅಂಗಡಿಯಲ್ಲೂ ಸಿಗುತ್ತದೆ, ಯೂಟ್ಯೂಬಿನಲ್ಲೂ ಸಿಗುತ್ತದೆ. ಆ ಮಾತು ಹೆಚ್ಚಿನ ಹೊತ್ತು ನಿಜವೇ. ಯಾವಾಗ ಸುಳ್ಳಾಗುತ್ತದೆ, ಯಾರ ಪಾಲಿಗೆ ಸುಳ್ಳಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ದಾರಿಯಲ್ಲಿ ಓಡಾಡುವುದು ಏನು?

ಪರದೆಯ ಮೇಲೆ ಕಾಣುವ ಚಿತ್ರ ಪ್ರೊಸೆಸರಿನಿಂದ ಈ ಸ್ಲಾಟಿನ ಮೂಲಕ ಹರಿದು ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಚಿತ್ರ ತಯಾರಾಗುವುದು ಕಾರ್ಡಿನೊಳಗೇ, ಅಲ್ಲಿಂದ ಅದು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇ ಪೋರ್ಟ್ ಕೇಬಲ್ಲಿನಲ್ಲಿ ನೇರವಾಗಿ ಮಾನಿಟರಿಗೆ ಹೋಗುತ್ತದೆ. ಪ್ರೊಸೆಸರ್ ಕಳಿಸುವುದು ಮುಖ್ಯವಾಗಿ ಆದೇಶಗಳನ್ನು: ಈ ಮಾದರಿಯನ್ನು ಇಲ್ಲಿಡು, ಈ ಬೆಳಕನ್ನು ಹೀಗೆ ಬೀಳಿಸು, ಈ ಮೇಲ್ಮೈಗೆ ಆ ಟೆಕ್ಸ್ಚರ್ (ಮೇಲ್ಮೈಯ ಬಣ್ಣ, ವಿನ್ಯಾಸ ತೋರಿಸುವ ಚಿತ್ರ) ಹೊದಿಸು.

ಅದನ್ನು ಕಳಿಸುವ ರೀತಿ ಸೊಗಸಾಗಿದೆ. ಪ್ರೊಸೆಸರ್ ಒಂದೊಂದೇ ಆದೇಶವನ್ನು ಕಾರ್ಡಿನ ಬಾಗಿಲಿಗೆ ಹೊತ್ತೊಯ್ಯುವುದಿಲ್ಲ. ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಆದೇಶಗಳ ಪಟ್ಟಿಯನ್ನು ಕಂಪ್ಯೂಟರಿನ ರ್‍ಯಾಮ್‌ನಲ್ಲಿ ಬರೆದಿಡುತ್ತದೆ. ಆಮೇಲೆ ಕಾರ್ಡಿನ ಒಂದು ಪುಟ್ಟ ರಿಜಿಸ್ಟರಿನಲ್ಲಿ ಒಂದು ಸಂಖ್ಯೆ ಬರೆಯುತ್ತದೆ. ಎಂಜಿನಿಯರುಗಳು ಅದನ್ನು ಡೋರ್‌ಬೆಲ್ ಎಂದೇ ಕರೆಯುತ್ತಾರೆ. ಗಂಟೆ ಬಾರಿಸಿದ್ದು ಕೇಳಿದ ಕೂಡಲೇ ಕಾರ್ಡು ತಾನೇ ರ್‍ಯಾಮ್‌ವರೆಗೆ ಕೈಚಾಚಿ ಆ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಇದು ಡಿಎಂಎ, ಪ್ರೊಸೆಸರನ್ನು ನಡುವೆ ನಿಲ್ಲಿಸಿಕೊಳ್ಳದ ನೇರ ವರ್ಗಾವಣೆ. ಟೆಕ್ಸ್ಚರು, ಮಾದರಿಗಳಂಥ ಭಾರವಾದ ಸರಕೂ ಹೀಗೇ ಸಾಗುತ್ತದೆ.

ಆದೇಶಗಳ ಪಟ್ಟಿ ಹಗುರ. ಟೆಕ್ಸ್ಚರ್ ಭಾರ. 4096 ಅಗಲ, 4096 ಎತ್ತರದ ಒಂದೇ ಒಂದು ಟೆಕ್ಸ್ಚರು ಕುಗ್ಗಿಸದೆ ಇಟ್ಟರೆ 64 ಎಂಬಿ. ಆಟಗಳಲ್ಲಿ ಬಳಸುವ ಕುಗ್ಗಿಸಿದ ರೂಪದಲ್ಲೂ ಸುಮಾರು 16 ಎಂಬಿ ಆಗುತ್ತದೆ. ಇಂಥವು ನೂರಾರು ಬೇಕು. ಅದಕ್ಕಾಗಿಯೇ ಕಾರ್ಡಿಗೆ ಅದರದೇ ಆದ ವಿಡಿಯೊ ಮೆಮೊರಿ ಇದೆ. ಆಟ ಶುರುವಾಗುವಾಗ ಒಮ್ಮೆ ಸರಕು ತುಂಬಿಸಿಕೊಂಡರೆ ಆಮೇಲೆ ಕಾರ್ಡು ತನ್ನ ಪಕ್ಕದಲ್ಲೇ ಇರುವ ಮೆಮೊರಿಯಿಂದ ಓದಿಕೊಂಡು ಚಿತ್ರ ಬಿಡಿಸುತ್ತಾ ಹೋಗುತ್ತದೆ, ಸ್ಲಾಟಿನ ದಾರಿ ಹೆಚ್ಚು ಹೊತ್ತು ಖಾಲಿ ಬಿದ್ದಿರುತ್ತದೆ. 8 ಲೇನ್ ಸಾಕು ಎನ್ನುವವರ ಮಾತು ನಿಂತಿರುವುದು ಈ ಖಾಲಿ ದಾರಿಯ ಮೇಲೆ.

ಡೊಳ್ಳು ಕುಣಿತದಿಂದ ಒಂಟಿ ಸಾಲಿಗೆ

ಈ ದಾರಿ ಇಂದಿನ ರೂಪಕ್ಕೆ ಬಂದ ಕಥೆಯಲ್ಲೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. 1981ರ ಐಬಿಎಂ ಪಿಸಿಯಲ್ಲಿದ್ದದ್ದು 8 ಬಿಟ್‌ನ ಬಸ್ (ಭಾಗಗಳ ನಡುವೆ ದತ್ತಾಂಶ ಸಾಗುವ ತಂತಿಗಳ ದಾರಿ), 1984ರ ಪಿಸಿ ಎಟಿಯಲ್ಲಿ 16 ಬಿಟ್. ಅಕ್ಷರಗಳನ್ನು ತೋರಿಸಲು ಅಷ್ಟು ಸಾಕಿತ್ತು. ವಿಂಡೋಸ್ ಬಂದು ಪರದೆ ತುಂಬ ಚಿತ್ರಗಳಾದಾಗ ಸಾಲದಾಯಿತು. 1992ರಲ್ಲಿ ಇಂಟೆಲ್ ಪಿಸಿಐ ಎಂಬ ಹೊಸ ವ್ಯವಸ್ಥೆ ತಂದಿತು: 32 ತಂತಿಗಳು, 33 ಮೆಗಾಹರ್ಟ್ಸ್ ಲಯ, ಸೆಕೆಂಡಿಗೆ ಗರಿಷ್ಠ 133 ಎಂಬಿ. ಆದರೆ ಆ 133 ಎಂಬಿಯಲ್ಲಿ ಸೌಂಡ್ ಕಾರ್ಡಿಗೂ ಪಾಲು, ನೆಟ್‌ವರ್ಕ್ ಕಾರ್ಡಿಗೂ ಪಾಲು. ಬಸ್ ಎಂಬ ಹೆಸರು ಅನ್ವರ್ಥವಾಗಿತ್ತು, ಎಲ್ಲರೂ ಅದರಲ್ಲೇ ಹತ್ತಬೇಕು.

ಹಾಗಾಗಿ 1996ರಲ್ಲಿ ಇಂಟೆಲ್ ಗ್ರಾಫಿಕ್ಸಿಗೆಂದೇ ಪ್ರತ್ಯೇಕ ಬಾಗಿಲು ಇಟ್ಟಿತು. ಅದು ಎಜಿಪಿ. ಮೊದಲು ಸೆಕೆಂಡಿಗೆ 266 ಎಂಬಿ, ಆಮೇಲೆ 533, ಕೊನೆಗೆ 8ಎಕ್ಸ್ ರೂಪದಲ್ಲಿ 2 ಜಿಬಿಗಿಂತ ಸ್ವಲ್ಪ ಹೆಚ್ಚು. ಎಜಿಪಿಯ ಹಿಂದೆ ವೇಗದ ಜೊತೆಗೆ ಇನ್ನೊಂದು ಆಸೆಯೂ ಇತ್ತು. ಆಗ ಮೆಮೊರಿ ದುಬಾರಿ. ಟೆಕ್ಸ್ಚರುಗಳನ್ನು ಕಾರ್ಡಿನಲ್ಲಿ ತುಂಬಿಡುವ ಬದಲು ಕಂಪ್ಯೂಟರಿನ ರ್‍ಯಾಮ್‌ನಲ್ಲೇ ಬಿಟ್ಟು, ಬೇಕಾದಾಗ ಎಜಿಪಿಯ ಮೂಲಕ ಓದಿಕೊಂಡರೆ ಕಾರ್ಡು ಅಗ್ಗವಾಗುತ್ತದಲ್ಲವೇ? 1998ರಲ್ಲಿ ಇಂಟೆಲ್ ಐ740 ಎಂಬ ಚಿಪ್ಪನ್ನು ಈ ನಂಬಿಕೆಯ ಮೇಲೆಯೇ ಮಾರುಕಟ್ಟೆಗೆ ತಂದಿತು. ಎಜಿಪಿ 2ಎಕ್ಸ್‌ನ ವೇಗ 533 ಎಂಬಿ. ಅದಕ್ಕೂ ಮೊದಲು, 1997ರಲ್ಲೇ ಬಂದಿದ್ದ ಎನ್‌ವಿಡಿಯಾದ ರೀವಾ 128 ಕಾರ್ಡು ತನ್ನ ಸ್ವಂತ ಮೆಮೊರಿಯಿಂದ ಓದುತ್ತಿದ್ದ ವೇಗ ಸೆಕೆಂಡಿಗೆ 1.6 ಜಿಬಿ. ಮೂರು ಪಟ್ಟು. ಸ್ವಂತ ಮೆಮೊರಿಯಿದ್ದ ಕಾರ್ಡುಗಳು ಗೆದ್ದವು, ಐ740 ಬೇಗನೆ ಮರೆಯಾಯಿತು.

ಆ 1998ರ ಪಾಠವನ್ನು ನೆನಪಿಡಿ. ದಾರಿ ಎಷ್ಟೇ ಅಗಲವಾದರೂ ಮನೆಯೊಳಗಿನ ಕಣಜಕ್ಕೆ ಅದು ಬದಲಿಯಾಗಲಿಲ್ಲ.

ಪಿಸಿಐ, ಎಜಿಪಿ ಎರಡಕ್ಕೂ ಒಂದು ಮಿತಿಯಿತ್ತು. 32 ತಂತಿಗಳಲ್ಲಿ ಹೊರಟ 32 ಬಿಟ್‌ಗಳು ಆಚೆ ಕಡೆ ಒಂದೇ ಕ್ಷಣಕ್ಕೆ ತಲುಪಬೇಕು. ಡೊಳ್ಳು ಕುಣಿತದ ತಂಡವನ್ನು ಕಣ್ಣ ಮುಂದೆ ತಂದುಕೊಳ್ಳಿ: ನಿಧಾನ ಲಯದಲ್ಲಿ 32 ಜನರ ಏಟೂ ಒಂದೇ ಆಗಿ ಕೇಳುತ್ತದೆ, ಲಯ ಏರಿಸುತ್ತಾ ಹೋದರೆ ಯಾರೋ ಒಬ್ಬರು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಗದ್ದಲವಾಗುತ್ತದೆ. ಬೋರ್ಡಿನ ಮೇಲೆ ಒಂದು ತಂತಿ ಇನ್ನೊಂದಕ್ಕಿಂತ ಸ್ವಲ್ಪ ಉದ್ದವಾದರೂ ಸಾಕು, ವೇಗ ಹೆಚ್ಚಿದಂತೆ ಬಿಟ್‌ಗಳು ಹೊಂದುವುದಿಲ್ಲ.

2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಈ ಕುಣಿತವನ್ನೇ ಬಿಟ್ಟಿತು. ಅದರ ಒಂದು ಲೇನ್ ಅಂದರೆ ನಾಲ್ಕು ತಂತಿ: ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ. ಜೋಡಿಯ ಎರಡು ತಂತಿಗಳಲ್ಲಿ ಒಂದಕ್ಕೊಂದು ತದ್ವಿರುದ್ಧವಾದ ಸಂಕೇತ ಹರಿಯುತ್ತದೆ. ಹೊರಗಿನ ಅಡಚಣೆ ಎರಡಕ್ಕೂ ಒಂದೇ ರೀತಿ ತಾಗುವುದರಿಂದ, ವ್ಯತ್ಯಾಸವನ್ನಷ್ಟೇ ಓದಿದರೆ ಅಡಚಣೆ ಕಳೆದುಹೋಗುತ್ತದೆ. ಬಿಟ್‌ಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತವೆ, ಲಯವನ್ನು ಆ ಸಾಲಿನಿಂದಲೇ ಕಂಡುಕೊಳ್ಳಲಾಗುತ್ತದೆ. ಹೆಚ್ಚು ವೇಗ ಬೇಕೇ, ಹೆಚ್ಚು ಲೇನ್ ಜೋಡಿಸಿ: 1, 4, 8, 16. ಲೇನ್‌ಗಳ ನಡುವೆ ತುಸು ಹಿಂದುಮುಂದಾದರೆ ಆಚೆ ಕಡೆ ಕಾದು ಸರಿಹೊಂದಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಸರಕು ಹೋಗುವುದು ಪೊಟ್ಟಣಗಳಾಗಿ, ಪ್ರತಿ ಪೊಟ್ಟಣಕ್ಕೂ ವಿಳಾಸ ಮತ್ತು ತಪ್ಪು ಪತ್ತೆಯ ಗುರುತು ಇರುತ್ತದೆ. ಕೆಟ್ಟು ತಲುಪಿದ ಪೊಟ್ಟಣವನ್ನು ಮತ್ತೆ ಕಳಿಸಲಾಗುತ್ತದೆ.

ಮೊದಲ ತಲೆಮಾರಿನಲ್ಲಿ ಒಂದು ಲೇನಿಗೆ ಸೆಕೆಂಡಿಗೆ 250 ಎಂಬಿ, 16 ಲೇನಿಗೆ 4 ಜಿಬಿ. 2007ರ ಎರಡನೇ ತಲೆಮಾರಿನಲ್ಲಿ ಅದು ದುಪ್ಪಟ್ಟಾಯಿತು. ಈ ಎರಡರಲ್ಲೂ 8 ಬಿಟ್ ಕಳಿಸಲು 10 ಬಿಟ್ ವ್ಯಯಿಸಬೇಕಿತ್ತು, ಅಂದರೆ ಐದರಲ್ಲೊಂದು ಪಾಲು ಲಯ ಕಾಯುವುದಕ್ಕೇ ಹೋಗುತ್ತಿತ್ತು. 2010ರ ಮೂರನೇ ತಲೆಮಾರು 128 ಬಿಟ್‌ಗೆ ಬರೀ 2 ಬಿಟ್ ಹೆಚ್ಚುವರಿ ಸಾಕೆಂದಿತು, 16 ಲೇನಿಗೆ ಸುಮಾರು 15.75 ಜಿಬಿ ಸಿಕ್ಕಿತು. 2017ರ ನಾಲ್ಕನೆಯದರಲ್ಲಿ 31.5, 2019ರ ಐದನೆಯದರಲ್ಲಿ 63. ಪೊಟ್ಟಣಗಳ ತಲೆಬರಹ ಕಳೆದರೆ ಕೈಗೆ ಸಿಗುವುದು ಇದಕ್ಕಿಂತ ಸ್ವಲ್ಪ ಕಡಿಮೆ. ಆರು, ಏಳನೆಯ ತಲೆಮಾರುಗಳ ನಿಯಮಾವಳಿಯೂ ಬಂದಾಗಿದೆ, ಆದರೆ ಸದ್ಯಕ್ಕೆ ಅವು ದತ್ತಾಂಶ ಕೇಂದ್ರಗಳ ಮಾತು.

ಈ ವ್ಯವಸ್ಥೆಯ ಒಂದು ಒಳ್ಳೆಯ ಗುಣವೇ ನಮ್ಮ ತೊಂದರೆಯ ಮೂಲವೂ ಹೌದು. ಹೊಸ ಕಾರ್ಡನ್ನು ಹಳೆಯ ಬೋರ್ಡಿಗೆ ಹಾಕಿದರೂ ಕೆಲಸ ಮಾಡುತ್ತದೆ. ಕಂಪ್ಯೂಟರ್ ಶುರುವಾದ ಕೂಡಲೇ ಎರಡೂ ಕಡೆಯವರು ಮಾತುಕತೆ ನಡೆಸಿ, ಇಬ್ಬರಿಗೂ ಸಾಧ್ಯವಾಗುವ ವೇಗ ಮತ್ತು ಇಬ್ಬರಲ್ಲೂ ಇರುವಷ್ಟು ಲೇನಿಗೆ ಒಪ್ಪಿಕೊಳ್ಳುತ್ತಾರೆ. ಕಾರ್ಡಿಗೆ ಐದನೇ ತಲೆಮಾರಿನ ವೇಗ ಗೊತ್ತು, ಆದರೆ 8 ಲೇನ್ ಮಾತ್ರ. ಬೋರ್ಡಿಗೆ 16 ಲೇನ್ ಇದೆ, ಆದರೆ ಮೂರನೇ ತಲೆಮಾರಿನದು. ಒಪ್ಪಂದವಾಗುವುದು ಎರಡರಲ್ಲೂ ಕಡಿಮೆಯಾದದ್ದಕ್ಕೆ: ಮೂರನೇ ತಲೆಮಾರು, 8 ಲೇನ್. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ.

ಎಣ್ಣೆ ಕಾದ ಮೇಲೆ ಸಾಸಿವೆ ಇಲ್ಲದಿದ್ದರೆ

ಈಗ ಲೆಕ್ಕ ಹಾಕೋಣ. ಆರ್‌ಟಿಎಕ್ಸ್ 5060 ಟಿಐ ತನ್ನ ವಿಡಿಯೊ ಮೆಮೊರಿಯಿಂದ ಸೆಕೆಂಡಿಗೆ 448 ಜಿಬಿ ಓದಬಲ್ಲದು. ಹೊಸ ಬೋರ್ಡಿನಲ್ಲಿ, 8 ಲೇನಿನ ಐದನೇ ತಲೆಮಾರಿನ ದಾರಿಯಲ್ಲಿ ಅದಕ್ಕೆ ಸಿಗುವುದು 31.5 ಜಿಬಿ. ಅಂದರೆ ಒಳಗಿನ ಮೆಮೊರಿ ಸುಮಾರು 14 ಪಟ್ಟು ವೇಗ. ಅದೇ ಕಾರ್ಡನ್ನು ಮೂರನೇ ತಲೆಮಾರಿನ ಬೋರ್ಡಿಗೆ ಹಾಕಿದರೆ ದಾರಿ 7.9 ಜಿಬಿಗೆ ಇಳಿಯುತ್ತದೆ, ಅಂತರ ಸುಮಾರು 57 ಪಟ್ಟಾಗುತ್ತದೆ.

ಆಟಕ್ಕೆ ಬೇಕಾದ ಸರಕೆಲ್ಲ ವಿಡಿಯೊ ಮೆಮೊರಿಯಲ್ಲಿ ಹಿಡಿಸಿದರೆ ಈ ಅಂತರಕ್ಕೆ ಅರ್ಥವೇ ಇಲ್ಲ. ಹಿಡಿಸದಿದ್ದಾಗ ವಿಂಡೋಸ್ ಆಟವನ್ನು ನಿಲ್ಲಿಸುವುದಿಲ್ಲ. ಉಕ್ಕಿ ಬಂದ ಭಾಗವನ್ನು ಸದ್ದಿಲ್ಲದೆ ಕಂಪ್ಯೂಟರಿನ ರ್‍ಯಾಮ್‌ಗೆ ಸರಿಸುತ್ತದೆ. ಆಮೇಲೆ ಆ ಸರಕು ಬೇಕಾದಾಗಲೆಲ್ಲ ಕಾರ್ಡು ಸ್ಲಾಟಿನ ದಾರಿಯಲ್ಲೇ ಅದನ್ನು ತರಿಸಿಕೊಳ್ಳಬೇಕು. ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಸಾಸಿವೆಗೆಂದು ಅಂಗಡಿಗೆ ಓಡಿದ ಹಾಗೆ. ಒಲೆಯ ಪಕ್ಕದ ಡಬ್ಬಿಯಲ್ಲಿದ್ದರೆ ಅಂಗಡಿ ಎಷ್ಟು ದೂರವಿದ್ದರೂ ಚಿಂತೆಯಿಲ್ಲ. ಡಬ್ಬಿ ಖಾಲಿಯಾದ ದಿನ ಬೀದಿ ಎಷ್ಟು ಅಗಲ ಎಂಬುದೇ ಎಲ್ಲವೂ ಆಗಿಬಿಡುತ್ತದೆ.

ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಒಂದು ಚಿತ್ರಕ್ಕೆ ಬೇಕಾದ 300 ಎಂಬಿ ಸರಕು ಹೊರಗೆ ಉಳಿದಿದೆ ಎಂದಿಟ್ಟುಕೊಳ್ಳಿ. ವಿಡಿಯೊ ಮೆಮೊರಿಯಲ್ಲೇ ಇದ್ದಿದ್ದರೆ ಅದನ್ನು ಓದಲು ಒಂದು ಮಿಲಿಸೆಕೆಂಡೂ ಬೇಡ. ಐದನೇ ತಲೆಮಾರಿನ 8 ಲೇನಿನಲ್ಲಿ ಸುಮಾರು 9.5 ಮಿಲಿಸೆಕೆಂಡ್, ಕಷ್ಟಪಟ್ಟು ಸಾಗಬಹುದು. ಮೂರನೇ ತಲೆಮಾರಿನ 8 ಲೇನಿನಲ್ಲಿ 38 ಮಿಲಿಸೆಕೆಂಡ್. ಚಿತ್ರ ಬಿಡಿಸುವ ಕೆಲಸ ಇನ್ನೂ ಶುರುವಾಗುವ ಮೊದಲೇ ಎರಡು ಚಿತ್ರಗಳ ಸಮಯ ಕಳೆದುಹೋಗಿದೆ. ಆಡುವವರ ಕಣ್ಣಿಗೆ ಇದು ಆಟ ಗಕ್ಕನೆ ನಿಂತು ಮತ್ತೆ ಮುಂದುವರಿದ ಹಾಗೆ ಕಾಣುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಅಂಕಿ ಇದನ್ನು ಮುಚ್ಚಿಬಿಡುತ್ತದೆ. ನಿಮಿಷದಲ್ಲಿ ಹತ್ತು ಸಲ ಎಡವಿದ ಆಟಕ್ಕೂ ಸರಾಸರಿ 55 ಬರಬಹುದು, ಹಾಗಾಗಿ ವಿಮರ್ಶೆಗಳಲ್ಲಿ "1% ಲೋ" (ಅತಿ ನಿಧಾನವಾದ ಒಂದು ಪ್ರತಿಶತ ಚಿತ್ರಗಳ ವೇಗ) ಎಂಬ ಅಂಕಿಯನ್ನು ತಪ್ಪದೆ ನೋಡಬೇಕು.

ಅದಕ್ಕೇ ಒಂದು ವಿಚಿತ್ರ ನಡೆಯುತ್ತದೆ. 32 ಜಿಬಿ ಮೆಮೊರಿಯ, ಎಲ್ಲಕ್ಕಿಂತ ದುಬಾರಿಯಾದ ಆರ್‌ಟಿಎಕ್ಸ್ 5090 ಕಾರ್ಡನ್ನು ಮೂರನೇ ತಲೆಮಾರಿನ ಹಳೆಯ ಸ್ಲಾಟಿನಲ್ಲಿ ಹಾಕಿದರೂ ಆಟಗಳಲ್ಲಿ ಕಳೆದುಕೊಳ್ಳುವುದು ಸರಾಸರಿ ಕೆಲವೇ ಪ್ರತಿಶತ. ಅದಕ್ಕೆ 16 ಲೇನೂ ಇದೆ, ತುಂಬಿ ತುಳುಕುವ ಕಣಜವೂ ಇದೆ. ಅತ್ತ 5060 ಟಿಐ ಅನ್ನು 8 ಜಿಬಿ ಮತ್ತು 16 ಜಿಬಿ ಎರಡು ರೂಪಗಳಲ್ಲಿ ಮಾರುತ್ತಾರೆ, ಹೆಸರು ಒಂದೇ, ಚಿಪ್ಪು ಒಂದೇ. ಹಳೆಯ ಬೋರ್ಡಿನಲ್ಲಿ 16 ಜಿಬಿಯದು ಹೆಚ್ಚುಕಡಿಮೆ ನೆಮ್ಮದಿಯಾಗಿರುತ್ತದೆ. 8 ಜಿಬಿಯದು ಭಾರವಾದ ಆಟಗಳಲ್ಲಿ ಕುಸಿಯುತ್ತದೆ. ದಾರಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಿರಿದಾಗಿದೆ.

2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಇದರ ಅತಿ ಕೆಟ್ಟ ಉದಾಹರಣೆ: 4 ಜಿಬಿ ಮೆಮೊರಿ, 4 ಲೇನ್. ಮೂರನೇ ತಲೆಮಾರಿನ ಬೋರ್ಡಿನಲ್ಲಿ ಅದರ ದಾರಿ ಸೆಕೆಂಡಿಗೆ 3.9 ಜಿಬಿ, ಅಂದರೆ 2003ರ ಮೊದಲ ತಲೆಮಾರಿನ 16 ಲೇನಿಗಿಂತ ತುಸು ಕಡಿಮೆ. ಎರಡನೇ ತಲೆಮಾರಿನ ಬೋರ್ಡಾದರೆ 2 ಜಿಬಿ, ಎಜಿಪಿ 8ಎಕ್ಸ್‌ಗಿಂತಲೂ ಕೆಳಗೆ. ಅದಕ್ಕೂ ಎರಡು ವರ್ಷ ಮೊದಲು, 2020ರಲ್ಲಿ, ಹೊಸ ಆಟಗಳಿಗೆ 4 ಜಿಬಿ ಸಾಲದು ಎಂದು ಎಎಂಡಿ ತಾನೇ ಬರೆದಿತ್ತು. ಆ ಕಾರ್ಡು ಬಂದದ್ದು ಕೋವಿಡ್ ಕಾಲದ ಚಿಪ್ ಅಭಾವದಲ್ಲಿ, ಬೇರೇನೂ ಕೈಗೆಟುಕದಿದ್ದಾಗ. ಕೊಂಡವರಿಗೆ ಆಯ್ಕೆಯೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ಕತ್ತರಿ ಏಕೆ ಬೀಳುತ್ತದೆ?

ತಯಾರಕರ ಕಡೆಯಿಂದಲೂ ನೋಡಬೇಕು. ಚಿಪ್ಪಿನಲ್ಲಿ ಲೆಕ್ಕ ಮಾಡುವ ಭಾಗ ಹೊಸ ತಂತ್ರಜ್ಞಾನ ಬಂದಂತೆಲ್ಲ ಚಿಕ್ಕದಾಗುತ್ತದೆ. ಆದರೆ ಹೊರಗಿನ ತಂತಿಗಳಿಗೆ ಸಂಕೇತ ತಳ್ಳುವ ಭಾಗ, ಅಂದರೆ ಚಿಪ್ಪಿನ ಅಂಚಿನಲ್ಲಿ ಕೂರುವ ಸರ್ಕ್ಯೂಟುಗಳು, ಅಷ್ಟಾಗಿ ಕುಗ್ಗುವುದಿಲ್ಲ. ಚಿಪ್ಪು ಸಣ್ಣದಾದಷ್ಟೂ ಅಂಚಿನ ಜಾಗ ತುಟ್ಟಿ. ಆ ಅಂಚಿನಲ್ಲೇ ವಿಡಿಯೊ ಮೆಮೊರಿಯ ತಂತಿಗಳಿಗೂ, ಡಿಸ್‌ಪ್ಲೇ ಪೋರ್ಟುಗಳಿಗೂ, ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳಿಗೂ ಜಾಗವಾಗಬೇಕು. 6500 ಎಕ್ಸ್‌ಟಿಯ ಚಿಪ್ಪಿನ ವಿಸ್ತೀರ್ಣ 107 ಚದರ ಮಿಲಿಮೀಟರ್ ಮಾತ್ರ. ಅದನ್ನು ಮುಖ್ಯವಾಗಿ ಲ್ಯಾಪ್‌ಟಾಪಿಗೆಂದು, ನಾಲ್ಕನೇ ತಲೆಮಾರಿನ ದಾರಿಯಿರುವ ಹೊಸ ಪ್ರೊಸೆಸರಿನ ಜೊತೆಗಾರನಾಗಿ ರೂಪಿಸಿದ್ದರು. ಅಲ್ಲಿ 4 ಲೇನ್ ಸಮಂಜಸ. ಅದನ್ನೇ ಎತ್ತಿ ಡೆಸ್ಕ್‌ಟಾಪಿಗೆ ಹಾಕಿದ್ದು ಸರಿಹೋಗಲಿಲ್ಲ.

ಹಾಗಂತ ಅಗ್ಗದ ಕಾರ್ಡಿಗೆ 16 ಲೇನ್ ಕೊಡಲು ಆಗುವುದೇ ಇಲ್ಲ ಎಂದೇನಿಲ್ಲ. 2025ರ ಜೂನ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಸರಿಸುಮಾರು ಅದೇ ವರ್ಗದ ಕಾರ್ಡು, ಅದಕ್ಕೆ ಐದನೇ ತಲೆಮಾರಿನ ಪೂರ್ತಿ 16 ಲೇನ್ ಇವೆ. ಹಳೆಯ ಬೋರ್ಡಿನಲ್ಲೂ 15.75 ಜಿಬಿ ಉಳಿಯುತ್ತದೆ, 5060 ಟಿಐಗೆ ಸಿಗುವುದರ ದುಪ್ಪಟ್ಟು. ಅದರಲ್ಲೂ 8 ಜಿಬಿಯ ರೂಪವೊಂದಿದೆ ಎಂಬುದು ನನಗೆ ಬೇಸರದ ಸಂಗತಿ, ಆದರೆ ಡಬ್ಬಿ ಖಾಲಿಯಾದಾಗ ಬೀದಿಯಾದರೂ ಅಗಲವಾಗಿದೆ.

ಎಂಟು ಲೇನಿಗೆ ಇಳಿಸುವುದನ್ನು ಒಪ್ಪಿಕೊಳ್ಳಬಹುದು. ಎಂಟು ಜಿಬಿಗೆ ನಿಲ್ಲಿಸುವುದನ್ನೂ ಬೆಲೆ ನೋಡಿ ಒಪ್ಪಿಕೊಳ್ಳಬಹುದು. ಎರಡನ್ನೂ ಒಂದೇ ಕಾರ್ಡಿನಲ್ಲಿ ಮಾಡಿ, ಅದನ್ನು ಹಳೆಯ ಬೋರ್ಡಿನವರಿಗೇ ಮಾರುವುದು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಏಕೆಂದರೆ ಈ ದರ್ಜೆಯ ಕಾರ್ಡನ್ನು ಯಾರು ಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅರ್ಧ ಗಂಟೆ ನಿಂತರೆ ಕಾಣುತ್ತದೆ. ಹೊಸ ಬೋರ್ಡು, ಹೊಸ ಪ್ರೊಸೆಸರು, ಹೊಸ ರ್‍ಯಾಮ್ ಎಲ್ಲವನ್ನೂ ಒಟ್ಟಿಗೆ ಕೊಳ್ಳಬಲ್ಲವರು ಸಾಮಾನ್ಯವಾಗಿ ಇದಕ್ಕಿಂತ ಮೇಲಿನ ಕಾರ್ಡು ಕೇಳುತ್ತಾರೆ. ಈ ಕಾರ್ಡು ಕೇಳುವವರು ಐದಾರು ವರ್ಷ ಹಿಂದೆ ಕೊಂಡ ಬಿ450 ಬೋರ್ಡನ್ನೋ, ಹತ್ತನೇ ತಲೆಮಾರಿನ ಕೋರ್ ಐ3 ಯಂತ್ರವನ್ನೋ ಇಟ್ಟುಕೊಂಡು, ಕಾರ್ಡೊಂದನ್ನು ಬದಲಿಸಿದರೆ ಇನ್ನು ಮೂರು ವರ್ಷ ಓಡುತ್ತದೆ ಎಂಬ ಲೆಕ್ಕದಲ್ಲಿ ಬಂದ ವಿದ್ಯಾರ್ಥಿಗಳು, ಮನೆಯಲ್ಲೇ ಕೂತು ವಿಡಿಯೊ ಎಡಿಟ್ ಮಾಡುವವರು. ಆ ಎರಡೂ ಯಂತ್ರಗಳದ್ದು ಮೂರನೇ ತಲೆಮಾರಿನ ದಾರಿ. ಪೆಟ್ಟಿಗೆಯ ಮೇಲೆ "ಪಿಸಿಐ ಎಕ್ಸ್‌ಪ್ರೆಸ್ 5.0" ಎಂಬುದು ಎದ್ದು ಕಾಣುತ್ತದೆ, ಲೇನ್‌ಗಳ ಸಂಖ್ಯೆಯನ್ನು ಬಹಳ ಕಡೆ ಹುಡುಕಬೇಕಾಗುತ್ತದೆ.

ಮೆಮೊರಿಯ ಬೆಲೆಯೂ ಈಗ ಇವರ ವಿರುದ್ಧವೇ ನಿಂತಿದೆ. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿತು. ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ರ್‍ಯಾಮ್ ಮಾರುತ್ತಿದ್ದ ಮೈಕ್ರಾನ್ ಆ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಕಡಿಮೆ ಬೆಲೆಯ ಕಾರ್ಡಿನಲ್ಲಿ ಹೆಚ್ಚು ಮೆಮೊರಿ ಬೇಗನೆ ಬರುತ್ತದೆಂದು ನಿರೀಕ್ಷಿಸುವುದು ಕಷ್ಟ. 1998ರಲ್ಲಿ ಮೆಮೊರಿ ದುಬಾರಿ ಎಂದು ದಾರಿಯ ಮೇಲೆ ಭಾರ ಹಾಕಿದ್ದರು. ಈಗ ಮೆಮೊರಿಯನ್ನೂ ಕಡಿಮೆ ಮಾಡಿ ದಾರಿಯನ್ನೂ ಕಿರಿದು ಮಾಡಿದ್ದಾರೆ.

ನಿಮ್ಮ ಯಂತ್ರದಲ್ಲಿ ನೋಡಿಕೊಳ್ಳುವುದು ಹೇಗೆ?

ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ "ಬಸ್ ಇಂಟರ್‌ಫೇಸ್" ಎಂಬ ಸಾಲಿದೆ. ಕಾರ್ಡಿಗೆ ಏನು ಸಾಧ್ಯ, ಈಗ ಎಷ್ಟಕ್ಕೆ ಒಪ್ಪಂದವಾಗಿದೆ ಎಂಬ ಎರಡೂ ಅದರಲ್ಲಿ ಕಾಣುತ್ತವೆ. ಒಂದು ಎಚ್ಚರ: ಕೆಲಸವಿಲ್ಲದಾಗ ಕಾರ್ಡು ವಿದ್ಯುತ್ ಉಳಿಸಲು ತಾನೇ ಮೊದಲ ತಲೆಮಾರಿನ ವೇಗಕ್ಕೆ ಇಳಿದುಕೊಂಡಿರುತ್ತದೆ. ಆ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿ ನೋಡಬೇಕು, ಇಲ್ಲದಿದ್ದರೆ ಸುಮ್ಮನೆ ಗಾಬರಿಯಾಗುತ್ತೀರಿ. ಲಿನಕ್ಸ್ ಬಳಸುವವರಿಗೆ ಎಲ್‌ಎಸ್‌ಪಿಸಿಐ ಆದೇಶ ಇದೇ ಮಾಹಿತಿ ಕೊಡುತ್ತದೆ.

ಲೇನ್ ಕಡಿಮೆ ಕಂಡರೆ ಕಾರಣ ಕಾರ್ಡೇ ಆಗಿರಬೇಕಿಲ್ಲ. ಎಷ್ಟೋ ಬೋರ್ಡುಗಳಲ್ಲಿ ಎರಡನೆಯ ಉದ್ದ ಸ್ಲಾಟು ನೋಡಲು 16ರದ್ದಾದರೂ ಒಳಗೆ 4 ಲೇನ್ ಮಾತ್ರ ಇರುತ್ತವೆ, ಅದೂ ಬೋರ್ಡಿನ ಸಹಾಯಕ ಚಿಪ್ಪಾದ ಚಿಪ್‌ಸೆಟ್ಟಿನ ಸುತ್ತುದಾರಿಯಲ್ಲಿ. ಕಾರ್ಡು ಪ್ರೊಸೆಸರಿಗೆ ಹತ್ತಿರದ ಮೊದಲ ಸ್ಲಾಟಿನಲ್ಲೇ ಇರಬೇಕು. ಕೆಲವು ಬೋರ್ಡುಗಳಲ್ಲಿ ನಿರ್ದಿಷ್ಟ ಎಂ.2 ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಕಾರ್ಡಿನ 16 ಲೇನಿನಲ್ಲಿ 8 ಅದಕ್ಕೆ ಹೋಗುತ್ತವೆ. ಇದು ಬೋರ್ಡಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಪ್ರೊಸೆಸರಿನ ಮಿತಿಯೂ ಉಂಟು. ರೈಜನ್ 5 5600ಜಿ ಹೊಸ ಬೋರ್ಡಿನಲ್ಲಿ ಕೂತರೂ ಮೂರನೇ ತಲೆಮಾರನ್ನು ದಾಟದು. ರೈಜನ್ 5 8500ಜಿ ಕಾರ್ಡಿಗೆಂದು ಕೊಡುವುದೇ 4 ಲೇನ್. ಅದೇ ರೈಜನ್ 5 5600, ಕೊನೆಯಲ್ಲಿ ಜಿ ಇಲ್ಲದ್ದು, ನಾಲ್ಕನೇ ತಲೆಮಾರಿನ 16 ಲೇನ್ ಕೊಡುತ್ತದೆ, ಬೋರ್ಡು ಬಿ550 ಆಗಿದ್ದರೆ. ಒಂದು ಅಕ್ಷರದಲ್ಲಿ ಇಷ್ಟು ವ್ಯತ್ಯಾಸ ಅಡಗಿರುವುದನ್ನು ಮಾರುವವರು ಮೊದಲೇ ಹೇಳಬೇಕು.

ಹಳೆಯ ಬೋರ್ಡಿನವರು ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಮಾಡಬಹುದಾದ ಕೆಲಸವೊಂದಿದೆ. 32 ಬಿಟ್ ಕಾಲದ ರೂಢಿಯಂತೆ ಪ್ರೊಸೆಸರಿಗೆ ಕಾರ್ಡಿನ ಮೆಮೊರಿ ಕಾಣುವುದು 256 ಎಂಬಿಯ ಕಿಟಕಿಯೊಂದರ ಮೂಲಕ. 8 ಜಿಬಿಯ ಯಾವುದೋ ಮೂಲೆಗೆ ಬರೆಯಬೇಕಾದರೆ ಕಿಟಕಿಯನ್ನು ಅಲ್ಲಿಗೆ ಸರಿಸಿಕೊಳ್ಳಬೇಕು. ರೀಸೈಜಬಲ್ ಬಾರ್ ಎಂಬ ಸೌಲಭ್ಯ ಆ ಕಿಟಕಿಯನ್ನು ಗೋಡೆಯಷ್ಟೇ ದೊಡ್ಡದು ಮಾಡುತ್ತದೆ. ನಿಯಮಾವಳಿಯಲ್ಲಿ ಅದು 2008ರಿಂದಲೇ ಇತ್ತು, 2020ರ ನವೆಂಬರ್‌ನಲ್ಲಿ ಎಎಂಡಿ ತನ್ನ 6000 ಸರಣಿಯ ಕಾರ್ಡುಗಳ ಜೊತೆ ಬಳಕೆಗೆ ತಂದ ಮೇಲೆ ಎಲ್ಲರ ಕಣ್ಣಿಗೆ ಬಿತ್ತು. ಬಿ450ಯಂಥ ಹಲವು ಬೋರ್ಡುಗಳಿಗೆ ಬಯಾಸ್ ಅಪ್‌ಡೇಟ್ ಮೂಲಕ ಸಿಕ್ಕಿದೆ. ಹಾಕಿಕೊಂಡರೆ ದಾರಿ ಅಗಲವಾಗುವುದಿಲ್ಲ, ಇರುವ ದಾರಿಯ ಬಳಕೆ ಸುಧಾರಿಸುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗಂತೂ ಇದು ಬೇಕೇಬೇಕು, ಇಲ್ಲದಿದ್ದರೆ ಅವು ಬಹಳ ಸೊರಗುತ್ತವೆ. ಬಿ580ರಲ್ಲಿ 12 ಜಿಬಿ ಇದೆಯೆಂದು ಆಸೆಪಡುವವರು ತಮ್ಮ ಬೋರ್ಡಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಬೇಕಾದದ್ದು ಮೂರೇ ಪ್ರಶ್ನೆ: ಎಷ್ಟು ಜಿಬಿ, ಎಷ್ಟು ಲೇನ್, ನನ್ನ ಬೋರ್ಡು ಎಷ್ಟನೇ ತಲೆಮಾರಿನದು. ಬೋರ್ಡು ಮೂರನೇ ತಲೆಮಾರಿನದಾದರೆ 8 ಜಿಬಿ, 8 ಲೇನ್ ಎರಡೂ ಕೂಡಿದ ಕಾರ್ಡನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. 2021ರ ಆರ್‌ಟಿಎಕ್ಸ್ 3060 ಹೊಸದಲ್ಲ, ವೇಗದಲ್ಲಿ ಹಿಂದೆ ಬಿದ್ದಿದೆ, ಆದರೆ ಅದರ 12 ಜಿಬಿ ರೂಪಕ್ಕೆ 16 ಲೇನ್ ಪೂರ್ತಿ ಇವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದನ್ನು ಕಡೆಗಣಿಸಬಾರದು.

ಈಗಾಗಲೇ 8 ಜಿಬಿಯ ಕಾರ್ಡು ಕೊಂಡವರು ಕೈಚೆಲ್ಲಬೇಕಾಗಿಲ್ಲ. ಆಡುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಪುಟ ತೆರೆದಿಡಿ. ಅಲ್ಲಿ ಡೆಡಿಕೇಟೆಡ್ ಮೆಮೊರಿ, ಶೇರ್ಡ್ ಮೆಮೊರಿ ಎಂದು ಎರಡು ಗೆರೆಗಳಿವೆ. ಮೊದಲನೆಯದು ತುಂಬಿ ಎರಡನೆಯದು ಏರುತ್ತಾ ಹೋದರೆ ಸರಕು ಉಕ್ಕಿ ರ್‍ಯಾಮ್‌ಗೆ ಹೋಗುತ್ತಿದೆ ಎಂದು ತಿಳಿಯಿರಿ. ಆಗ ಆಟದ ಸೆಟ್ಟಿಂಗಿನಲ್ಲಿ ನೆರಳು, ಬೆಳಕು ಯಾವುದನ್ನೂ ಮೊದಲು ಮುಟ್ಟಬೇಡಿ, ಟೆಕ್ಸ್ಚರ್ ಗುಣಮಟ್ಟವನ್ನು ಅಲ್ಟ್ರಾದಿಂದ ಹೈಗೆ ಒಂದು ಮೆಟ್ಟಿಲು ಇಳಿಸಿ. 1080ಪಿ ಪರದೆಯಲ್ಲಿ ಆ ವ್ಯತ್ಯಾಸ ಎಷ್ಟೋ ಆಟಗಳಲ್ಲಿ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಶೇರ್ಡ್ ಮೆಮೊರಿಯ ಗೆರೆ ಮತ್ತೆ ಕೆಳಗೆ ಇಳಿದು ಅಲ್ಲೇ ನಿಂತರೆ ನಿಮ್ಮ ಕಾರ್ಡಿಗೆ ತಕ್ಕ ಸೆಟ್ಟಿಂಗ್ ಅದೇ.